ಯಾರಿಗೂ ಹೇಳಬ್ಯಾಡ್ರಿ ಅಂದ ದನಿ

ನನಗೆ ನನ್ನ ಕೆಲಸದ ಬಗ್ಗೆ ಜಂಬ ಇದೆ. ಅದನ್ನು ಮುಚ್ಚಿಟ್ಟುಕೊಂಡು ಬರೆಯುವುದು ನನ್ನಿಂದ ಆಗದ ಮಾತು, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಆದೋನಿಯ ಹೊರಗೆ, ಎರೆ ಹೊಲಗಳ ಅಂಚಿಗೆ ಇರುವ ನಮ್ಮ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವಳು ನಾನು. ಪಾಠ ಹೇಳುವ ವಿಭಾಗವಲ್ಲ. ವಿದ್ಯಾರ್ಥಿಗಳ ಲಾಗಿನ್ನು, ಇಮೇಲು, ಹಾಜರಿ, ಪರೀಕ್ಷೆಯ ನೋಂದಣಿ, ಫಲಿತಾಂಶ ಎಲ್ಲ ನಡೆಯುವ ಪೋರ್ಟಲನ್ನು ನಡೆಸುವ ವಿಭಾಗ. ಎಲ್ಲವೂ ಸುಸೂತ್ರ ನಡೆದಾಗ ನಾವು ಬದುಕಿದ್ದೇವೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ಕೆಟ್ಟು ನಿಂತ ದಿನ ಮಾತ್ರ ಇಡೀ ಕ್ಯಾಂಪಸ್ಸು ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತದೆ.

ನಾನು ಇಲ್ಲೇ ಕನ್ನಡ-ತೆಲುಗು ಗಡಿಯ ಮದ್ದಿಕೇರದವಳು. ಕನ್ನಡ ಶಾಲೆಯಲ್ಲಿ ಓದಿದೆ, ತೆಲುಗಿನಲ್ಲಿ ಕಾಲೇಜು ಮುಗಿಸಿದೆ, ಇಂಗ್ಲಿಷಿನಲ್ಲಿ ಕೆಲಸ ಮಾಡುತ್ತೇನೆ. ಬೈಯುವುದು ಮಾತ್ರ ಕನ್ನಡದಲ್ಲೇ. ನನ್ನ ಮೇಲಿನ ಅಧಿಕಾರಿ, ನಮ್ಮ ಡೈರೆಕ್ಟರ್ ಸರ್, ನಂದ್ಯಾಲದ ಕಡೆಯ ತೆಲುಗಿನವರು. ಒಳ್ಳೆಯ ಮನುಷ್ಯ, ಆದರೆ ಯಾವ ಗಂಟನ್ನೂ ಬಿಚ್ಚುವ ತಾಳ್ಮೆ ಇಲ್ಲ, ಕತ್ತರಿಸಿಬಿಡಬೇಕು ಅವರಿಗೆ. ನಾನು ಕನ್ನಡದಲ್ಲಿ ಗೊಣಗುವುದು ಅವರಿಗೆ ಅರ್ಥವಾಗುವುದಿಲ್ಲ ಎಂದು ಬಹಳ ವರ್ಷ ನಂಬಿದ್ದೆ. ಆಗುತ್ತದೆ ಎಂದು ಈಚೆಗೆ ಗೊತ್ತಾಯಿತು.

ನಮ್ಮ ಕಡೆಯ ಜನ ಪಾಸ್‌ವರ್ಡನ್ನು ಗುಟ್ಟು ಎಂದು ಎಂದೂ ತಿಳಿದವರಲ್ಲ. ಅದು ಅವರಿಗೆ ಮನೆಯ ಬೀಗದ ಕೈ. ಊರಿಗೆ ಹೋಗುವಾಗ ಪಕ್ಕದ ಮನೆಯವರ ಕೈಗೆ ಕೊಟ್ಟು ಹೋಗುತ್ತೇವೆ. ಕೊಡದೆ ಹೋದರೆ ತಿರುಗಿ ಬರುವ ಹೊತ್ತಿಗೆ ಅವರ ಮುಖ ಊದಿರುತ್ತದೆ. ಆಫೀಸಿನಲ್ಲೂ ಇದೇ ರಿವಾಜು. ಪ್ರೊಫೆಸರ್ ಪಾಸ್‌ವರ್ಡು ಅಟೆಂಡರಿಗೆ ಗೊತ್ತು, ರಿಜಿಸ್ಟ್ರಾರ್ ಪಾಸ್‌ವರ್ಡು ಡೈರೆಕ್ಟರಿಗೆ ಗೊತ್ತು, ಹಾಸ್ಟೆಲಿನಲ್ಲಿ ಒಬ್ಬಳು ಕೂತು ಇಡೀ ರೂಮಿನವರ ಅರ್ಜಿ ತುಂಬುತ್ತಾಳೆ. ಯಾರಾದರೂ ಕೇಳಿದಾಗ ಒಂದು ಗಳಿಗೆ ತಡವರಿಸಿದರೂ ಸಾಕು, "ಯಾಕ್ರಿ, ನಮ್ಮ ಮ್ಯಾಲೆ ನಂಬಿಕಿ ಇಲ್ಲೇನ್ರಿ?" ಎಂದು ಕೇಳಿಬಿಡುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಪಾಸ್‌ವರ್ಡು ಕೊಡುವುದೇ ಸುಲಭ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಒಂದು ಸಲ ಯಾರೋ ಹೊರಗಿನವರು, ವಿಶ್ವವಿದ್ಯಾಲಯದಿಂದ ಮಾತನಾಡುತ್ತಿದ್ದೇವೆ ಎಂದು ಹಾಸ್ಟೆಲಿನ ಹುಡುಗಿಯೊಬ್ಬಳಿಗೆ ಫೋನ್ ಮಾಡಿ, ಸಿಹಿಯಾಗಿ ಮಾತಾಡಿ, ಪಾಸ್‌ವರ್ಡು ಕೇಳಿ ತಿಳಿದುಕೊಂಡರು. ಅವಳ ಇಮೇಲಿನಿಂದ ಅವಳ ಹೆಸರಿನಲ್ಲಿ ಇಡೀ ತರಗತಿಗೆ ಹೊಲಸು ಸಂದೇಶಗಳು ಹೋದವು. ಆ ಹುಡುಗಿ ಒಂದು ವಾರ ಕೋಣೆಯಿಂದ ಹೊರಗೆ ಬರಲಿಲ್ಲ. ನಾನು ಅವಳ ಬಾಗಿಲ ಹೊರಗೆ ನಿಂತು ಮಾತಾಡಿಸಿದೆ. ಅವತ್ತೇ ನಿರ್ಧಾರ ಮಾಡಿದೆ, ಈ ಬೀಗದ ಕೈ ಕೊಡುವ ರಿವಾಜು ನಿಲ್ಲಬೇಕು.

ಹೊಸ ವ್ಯವಸ್ಥೆಯನ್ನು ನಾನೇ ಕೂತು ಬರೆದೆ. ಪಾಸ್‌ವರ್ಡು ಒಂದೇ ಸಾಲದು, ನೋಂದಾಯಿಸಿದ ಫೋನಿಗೆ ಬರುವ ಓಟಿಪಿಯನ್ನೂ ಹಾಕಬೇಕು. ಫೋನ್ ನಂಬರು ಬದಲಿಸಬೇಕೆಂದರೆ ಮೊದಲು ಹಳೆಯ ನಂಬರಿಗೆ ಬಂದ ಓಟಿಪಿ ಬೇಕು. ಯಾರಿಗಾದರೂ ಇದರಿಂದ ವಿನಾಯಿತಿ ಕೊಡಬೇಕೆಂದರೆ ಡೈರೆಕ್ಟರು ಮತ್ತು ರಿಜಿಸ್ಟ್ರಾರು ಇಬ್ಬರೂ ತಮ್ಮ ತಮ್ಮ ಲಾಗಿನ್ನಿನಿಂದ ಒಪ್ಪಿಗೆ ಕೊಡಬೇಕು. ನನಗೆ ಒಬ್ಬಳಿಗೇ ಅಧಿಕಾರ ಇಟ್ಟುಕೊಳ್ಳಲಿಲ್ಲ. ಇಟ್ಟುಕೊಂಡಿದ್ದರೆ ಮದ್ದಿಕೇರದಿಂದ ಹಾಲಹರವಿಯವರೆಗೆ ಇರುವ ನಮ್ಮ ನೆಂಟರೆಲ್ಲ ಅದನ್ನು ಕೇಳಿಕೊಂಡು ಬರುತ್ತಿದ್ದರು.

ಮೊದಲ ತಿಂಗಳು ನನಗೆ ಬಿದ್ದ ಬೈಗುಳಕ್ಕೆ ಲೆಕ್ಕವಿಲ್ಲ. ಕ್ಯಾಂಟೀನಿನವನು ಕೂಡ, "ಮೇಡಂ, ಓಟಿಪಿ ಹೇಳಿದ್ರನಾ ಚಾ" ಎಂದು ಲೋಟ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ನಾನು ನಕ್ಕುಬಿಡುತ್ತಿದ್ದೆ. ಒಳಗೆ ಮಾತ್ರ, ನಗಿರಿ, ನಗಿರಿ, ಎಂದುಕೊಳ್ಳುತ್ತಿದ್ದೆ.

ವಿದ್ಯಾರ್ಥಿಗಳಿಗೆ ಹೇಳಿದರೆ ಸಾಲದು, ಮನೆಯವರಿಗೂ ಹೇಳಬೇಕಿತ್ತು. ಇಂಗ್ಲಿಷಿನ ಸುತ್ತೋಲೆ ಯಾರು ಓದುತ್ತಾರೆ? ಎಲ್ಲ ನಂಬರುಗಳಿಗೂ ಒಂದು ಧ್ವನಿ ಸಂದೇಶ ಕಳಿಸೋಣ, ಫೋನ್ ಎತ್ತಿದರೆ ಕೇಳಿಸಬೇಕು, ತೆಲುಗಿನಲ್ಲೂ ಕನ್ನಡದಲ್ಲೂ ಎಂದೆ. ಕನ್ನಡ ಯಾಕೆ ಎಂದರು ಡೈರೆಕ್ಟರು. ಗಡಿಯ ಹಳ್ಳಿಗಳಲ್ಲಿ ತೆಲುಗು ಎಲ್ಲರಿಗೂ ಬರುತ್ತದೆ, ಆದರೆ ಭಯದ ಮಾತು ಮನೆಯ ಮಾತಿನಲ್ಲಿ ಹೇಳಿದರೇನೇ ಒಳಗೆ ಇಳಿಯುವುದು ಎಂದೆ. ವಾದ ಮಾಡಿ ಗೆದ್ದೆ. ಕನ್ನಡದ್ದಕ್ಕೆ ನನ್ನದೇ ದನಿ. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಬೆವರು ಒರೆಸಿಕೊಳ್ಳುತ್ತ ರೆಕಾರ್ಡು ಮಾಡಿದೆ. "ನಿಮ್ಮ ಫೋನಿಗೆ ಒಂದು ನಂಬರು ಬರ್ತೈತಿ. ಅದನ್ನ ಯಾರಿಗೂ ಹೇಳಬ್ಯಾಡ್ರಿ. ಯುನಿವರ್ಸಿಟಿಯವರಾ ಕೇಳಿದ್ರೂ ಹೇಳಬ್ಯಾಡ್ರಿ. ನಿಮ್ಮ ಮಕ್ಕಳ ದನಿಯೊಳಗ ಕೇಳಿದ್ರೂ ಹೇಳಬ್ಯಾಡ್ರಿ."

ತೆಲುಗಿನದನ್ನು ಓದಿ, ಕೊನೆಯ ಮಾತು ಅತಿಯಾಯಿತು ಎಂದರು ಡೈರೆಕ್ಟರು. ಈಗಿನ ಕಳ್ಳರು ಕಂಪ್ಯೂಟರಿನಿಂದ ಯಾರ ದನಿಯನ್ನು ಬೇಕಾದರೂ ತೆಗೆಯುತ್ತಾರೆ, ಇರಲಿ ಎಂದೆ. "ಅಷ್ಟು ಉದ್ದ ಯಾರೂ ಕೇಳೋದಿಲ್ಲ, ಮೇಡಂ. ಮೊದಲ ಮಾತಿಗೇ ಕಟ್ ಮಾಡ್ತಾರೆ" ಎಂದರು ತೆಲುಗಿನಲ್ಲಿ. ನನಗೂ ಹಾಗೇ ಅನ್ನಿಸಿತ್ತು, ಆದರೆ ಒಪ್ಪಿಕೊಳ್ಳಲಿಲ್ಲ.

ಇನ್ನೊಂದು ತೊಡಕಿತ್ತು. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಫೋನ್ ನಂಬರನ್ನು ಹೊರಗೆ ಕೊಡುವುದಿಲ್ಲ. ಪ್ರವೇಶದ ದಿನ ಅಪ್ಪನದೋ ಅಣ್ಣನದೋ ನಂಬರು ಬರೆಸುತ್ತಾರೆ. ಹುಡುಗಿಯ ಕೈಯಲ್ಲಿ ಸ್ವಂತ ಫೋನ್ ಇದ್ದರೂ ಬರೆಸುವುದು ಅಪ್ಪನ ನಂಬರೇ. ಅದು ಮರ್ಯಾದೆಯ ಪ್ರಶ್ನೆ. ಒಂದೇ ಮನೆಯ ಅಕ್ಕತಂಗಿಯರು, ಚಿಕ್ಕಪ್ಪನ ಮಕ್ಕಳು ಎಲ್ಲರ ಖಾತೆಯೂ ಒಬ್ಬ ಅಣ್ಣನ ನಂಬರಿಗೆ ಜೋತುಬಿದ್ದಿರುವುದನ್ನು ನಾನು ನೋಡಿದ್ದೇನೆ. ಆ ಅಣ್ಣ ಬೇಸರಕ್ಕೆ ನಂಬರು ಬದಲಿಸಿದನೋ, ಎಲ್ಲರ ಬಾಗಿಲೂ ಒಟ್ಟಿಗೆ ಮುಚ್ಚಿದಂತೆ. ನಿಮ್ಮ ಸ್ವಂತ ನಂಬರು ಹಾಕಿಕೊಳ್ಳಿ ಎಂದು ತರಗತಿಗಳಿಗೆ ಹೋಗಿ ಹೇಳಿದೆ, ಹಾಸ್ಟೆಲಿನಲ್ಲಿ ಹೇಳಿದೆ. ಬಹಳ ಹುಡುಗಿಯರು ಮನೆಯಲ್ಲಿ ಜಗಳವಾಡಿ, ಅತ್ತು ಕರೆದು, ತಮ್ಮ ನಂಬರು ಹಾಕಿಕೊಂಡರು. ಒಬ್ಬೊಬ್ಬಳೂ ಬದಲಿಸಿದಾಗ ನನ್ನ ಪರದೆಯ ಮೇಲೆ ಒಂದು ಸಾಲು ಮೂಡುತ್ತಿತ್ತು. ಅದನ್ನು ನೋಡುವಾಗ ನನಗೆ ಆಗುತ್ತಿದ್ದ ಖುಷಿಯನ್ನು ಮನೆಯಲ್ಲಿ ಯಾರಿಗೂ ವಿವರಿಸಲು ಬರಲಿಲ್ಲ.

ಬದಲಿಸದೆ ಉಳಿದವರಲ್ಲಿ ಒಬ್ಬಳು, ಪರೀಕ್ಷೆಯ ನೋಂದಣಿಯ ಕೊನೆಯ ದಿನ, ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

ಹಾಲಹರವಿ ಕಡೆಯ ಹುಡುಗಿ, ರಸಾಯನಶಾಸ್ತ್ರದ ಎಂಎಸ್ಸಿ, ಕೊನೆಯ ಸೆಮಿಸ್ಟರು. ತೆಳ್ಳಗೆ, ಎತ್ತರಕ್ಕೆ, ಮಾತಾಡುವಾಗ ನೇರ ಕಣ್ಣಿಗೆ ನೋಡುವ ಹುಡುಗಿ. ಕುರಿ ಸಾಕುವ ಮನೆತನ. ಅವರ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವಳು ಇವಳೊಬ್ಬಳೇ. ಖಾತೆಯಲ್ಲಿ ಇದ್ದದ್ದು ಅಪ್ಪನ ನಂಬರು. ಇಲ್ಲಿಯವರೆಗೆ ಏನಾದರೂ ಕೋಡು ಬಂದರೆ ಅಪ್ಪನಿಗೆ ಫೋನ್ ಮಾಡುತ್ತಿದ್ದಳು, ಅವರು ಒಂದೊಂದೇ ಅಂಕಿ ಓದಿ ಹೇಳುತ್ತಿದ್ದರು, ಕೆಲಸ ಆಗುತ್ತಿತ್ತು. ಇನ್ನೂ ಹಾಗೇ ಆಗುತ್ತದೆ ಎಂದುಕೊಂಡು ನಂಬರು ಬದಲಿಸುವ ಗೋಜಿಗೆ ಹೋಗಿರಲಿಲ್ಲ.

"ಮುಂಜಾನಿಂದ ಕೇಳಾಕ ಹತ್ತೀನ್ರಿ, ಮೇಡಂ. ನಮ್ಮಪ್ಪ ನಂಬರು ಹೇಳವಲ್ಲ."

"ಯಾಕವ್ವ? ಸಿಟ್ಟಾಗ್ಯಾರೇನು?"

"ಸಿಟ್ಟಿಲ್ರಿ. ನೀನು ನನ್ನ ಮಗಳಾ ಅಂತ ನನಗೆ ಹೆಂಗ ಗೊತ್ತು, ಅಂತಾನ್ರಿ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಮಕ್ಕಳ ದನಿಯಲ್ಲಿ ಕೇಳಿದರೂ ಹೇಳಬೇಡಿ ಎಂದು ವಿಶ್ವವಿದ್ಯಾಲಯದ ಮೇಡಂ ಫೋನಿನಲ್ಲಿ ಹೇಳಿದ್ದಾರಂತೆ. ಇವಳು ತಾನು ಮಗಳೇ ಎಂದು ಸಾಬೀತು ಮಾಡಲು, ಚಿಕ್ಕವಳಿದ್ದಾಗ ಬಾವಿಯ ಹತ್ತಿರ ಬಿದ್ದು ಹಣೆ ಒಡೆದುಕೊಂಡದ್ದು, ಮರಿಯೊಂದನ್ನು ಹಾಸಿಗೆಯಲ್ಲಿ ಬಚ್ಚಿಟ್ಟು ಏಟು ತಿಂದದ್ದು ಎಲ್ಲ ಹೇಳಿದ್ದಾಳೆ. "ಅದೆಲ್ಲಾ ಊರಾಗ ಎಲ್ಲಾರಿಗೂ ಗೊತ್ತೈತಿ" ಎಂದುಬಿಟ್ಟರಂತೆ ಅಪ್ಪ.

ನಗು ಬಂತು. ಆದರೆ ಎದುರಿಗೆ ನಿಂತವಳ ಮುಖ ನೋಡಿ ನುಂಗಿಕೊಂಡೆ. ಸಂಜೆ ಐದಕ್ಕೆ ನೋಂದಣಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆ ಗಡುವು ಪರೀಕ್ಷಾ ವಿಭಾಗದ್ದು, ಈಗಾಗಲೇ ಒಮ್ಮೆ ಮುಂದೂಡಿದ್ದರು, ಇನ್ನು ಬದಲಿಸುವುದಿಲ್ಲ ಎಂದು ಸಾರಿದ್ದರು. ತಪ್ಪಿದರೆ ಅವಳಿಗೆ ಒಂದು ವರ್ಷ ಹೋಗುತ್ತದೆ. ವರ್ಷ ಹೋದರೆ ಅಜ್ಜಿ, ದೊಡ್ಡಪ್ಪ ಎಲ್ಲ ಸೇರಿ ಓದಿದ್ದು ಸಾಕು ಎನ್ನಲು ಕಾದಿದ್ದಾರೆ ಎಂದಳು. ಅಳಲಿಲ್ಲ, ಹಾಗೆಯೇ ಹೇಳಿದಳು.

"ಫೋನ್ ಹಚ್ಚು. ನಾನು ಮಾತಾಡ್ತೀನಿ" ಎಂದೆ, ಬಹಳ ಗತ್ತಿನಿಂದ.

ಅವಳ ಅಪ್ಪ ಆಗ ಗೋನೆಗಂಡ್ಲದ ಹತ್ತಿರ ಇದ್ದರು. ಬೆಳೆ ತೆಗೆದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ಮಂದೆ ತರುಬುತ್ತಾರಲ್ಲ, ಹಾಗೆ ಯಾರದೋ ಹೊಲದಲ್ಲಿ ತಮ್ಮನ ಜತೆ ಮಂದೆ ಹಾಕಿಕೊಂಡಿದ್ದರು. ಫೋನಿನ ಹಿಂದೆ ಕುರಿಗಳ ಸದ್ದು, ಗಾಳಿ.

"ಯಣ್ಣಾ, ನಾನು ಯುನಿವರ್ಸಿಟಿ ಕಂಪ್ಯೂಟರ್ ಮೇಡಂ ಮಾತಾಡಾದು. ನಿಮ್ಮ ಫೋನಿಗೆ ಬಂದಿತ್ತಲ್ಲ, ಯಾರಿಗೂ ಹೇಳಬ್ಯಾಡ್ರಿ ಅಂತ, ಆ ದನಿ ನಂದಾ."

ಆ ಕಡೆ ಅವರು ಮೊದಲು ಒಂದು ಕುರಿಯನ್ನು ಗದರಿದರು.

"ಹೌದ್ರಿ. ದನಿ ಅದಾ ಐತಿ."

"ಮತ್ತ ಹೇಳ್ರಿ ಆ ನಂಬರು. ಮಗಳ ಪರೀಕ್ಷಾದ ಕೆಲಸ ಐತಿ."

"ಅದಕ್ಕಾ ಅನುಮಾನ ಬರಾಕ ಹತ್ತೇತ್ರಿ, ತಾಯೀ. ಹೇಳಬ್ಯಾಡ್ರಿ ಅಂದಾಕಿನಾ ಈಗ ಹೇಳ್ರಿ ಅಂತಾಳ ಅಂದ್ರ, ಇದರಾಗ ಏನಾ ಐತಿ."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಜನರಿಗೆ ಬುದ್ಧಿ ಹೇಳಿಕೊಂಡು ಬಂದ ನನಗೆ, ನಾನೇ ಕಟ್ಟಿದ ಗೋಡೆಗೆ ನಾನೇ ಹಣೆ ಹಚ್ಚಿ ನಿಂತಂತಾಯಿತು. "ಮತ್ತ ಏನು ಮಾಡೂನು, ಯಣ್ಣಾ? ಐದಕ್ಕ ಬಂದಾಗ್ತೈತಿ" ಎಂದೆ.

"ನನ್ನ ಮಗಳು ಅಲ್ಲೇ ಅದಾಳೇನ್ರಿ?"

"ಇಲ್ಲೇ ಅದಾಳ."

"ಹಂಗಾದ್ರ ನಾನಾ ಬರ್ತೀನಿ. ಆಕಿನ್ನ ಕಣ್ಣಿಲೆ ನೋಡಿ, ಆಕಿ ಕೈಯಾಗ ಕೊಡ್ತೀನಿ."

ಫೋನ್ ಕಟ್ಟಾಯಿತು. ತಿರುಗಿ ಮಾಡಿದರೆ ಸ್ವಿಚ್ ಆಫ್.

ನನಗೆ ಮೊದಲು ಬಂದದ್ದು ಸಿಟ್ಟು. ಇಂಥ ಮೊಂಡು ಮನುಷ್ಯ ಎಲ್ಲಾದರೂ ಉಂಟೇ? ಆಮೇಲೆ ನಗು. ಆಮೇಲೆ, ಮುಚ್ಚುಮರೆ ಯಾಕೆ, ಎದೆ ಉಬ್ಬಿತು. ಯಾರೂ ಕೊನೆಯವರೆಗೆ ಕೇಳುವುದಿಲ್ಲ ಎಂದಿದ್ದರಲ್ಲ ಡೈರೆಕ್ಟರು, ಗೋನೆಗಂಡ್ಲದ ಹೊಲದಲ್ಲಿ ನಿಂತು ಒಬ್ಬರು ಕೊನೆಯ ಮಾತಿನವರೆಗೂ ಕೇಳಿದ್ದರು. ಕೇಳಿ ಮರೆತಿರಲಿಲ್ಲ. ಸ್ವಂತ ಮಗಳಿಗೂ ಬಿಟ್ಟುಕೊಟ್ಟಿರಲಿಲ್ಲ.

ಆದರೆ ಗಡಿಯಾರಕ್ಕೆ ನನ್ನ ಹೆಮ್ಮೆ ಕಟ್ಟಿಕೊಂಡು ಏನಾಗಬೇಕು? ಗೋನೆಗಂಡ್ಲದಿಂದ ಎಮ್ಮಿಗನೂರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಆದೋನಿಗೆ ಬರಬೇಕು, ಅಲ್ಲಿಂದ ಆಟೋ ಹಿಡಿದು ಕ್ಯಾಂಪಸ್ಸಿಗೆ. ಬಸ್ಸು ಸಿಕ್ಕರೆ ಬರಬಹುದು. ಸಿಗದಿದ್ದರೆ ಇಲ್ಲ. ಬರುತ್ತಿದ್ದಾರೋ ಇಲ್ಲವೋ ಎಂದು ಕೇಳೋಣವೆಂದರೆ ಫೋನೂ ಇಲ್ಲ.

ಡೈರೆಕ್ಟರಿಗೆ ವಿಷಯ ತಿಳಿಸಿದೆ. ಹುಡುಗಿಗೆ ವಿನಾಯಿತಿ ಕೊಡೋಣ, ನಾನು ಒಪ್ಪಿಗೆ ಹಾಕುತ್ತೇನೆ, ರಿಜಿಸ್ಟ್ರಾರ್ ಸರ್ ಹಾಕಲಿ ಎಂದರು. ರಿಜಿಸ್ಟ್ರಾರು ಕರ್ನೂಲಿನಲ್ಲಿ ಯಾವುದೋ ಸಭೆಯಲ್ಲಿದ್ದರು. ಎಷ್ಟು ಸಲ ಮಾಡಿದರೂ ಫೋನ್ ಎತ್ತಲಿಲ್ಲ.

"ಮೇಡಂ, ಆಯನ ಪಾಸ್‌ವರ್ಡ್ ನಾಕು ತೆಲುಸು ಕದಾ" ಎಂದರು ಡೈರೆಕ್ಟರು. ಅವರ ಪಾಸ್‌ವರ್ಡು ನನಗೆ ಗೊತ್ತಲ್ಲ, ನಾನೇ ಹಾಕಿಬಿಡುತ್ತೇನೆ ಎಂಬ ಮಾತು. ಬೇಡ ಸರ್, ಓಟಿಪಿ ಅವರ ಫೋನಿಗೇ ಹೋಗುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಕೀಬೋರ್ಡು ಎಳೆದುಕೊಂಡು ಕುಟ್ಟಿಯೇಬಿಟ್ಟರು. ಪರದೆಯ ಮೇಲೆ ಕೆಂಪಗೆ ಬಂತು, ಪಾಸ್‌ವರ್ಡು ತಪ್ಪು. ಮತ್ತೊಮ್ಮೆ ಕುಟ್ಟಿದರು, ಮತ್ತೆ ತಪ್ಪು. ರಿಜಿಸ್ಟ್ರಾರು, ಯಾರೂ ನಿರೀಕ್ಷಿಸದಿದ್ದ ರೀತಿಯಲ್ಲಿ, ನನ್ನ ಸುತ್ತೋಲೆ ಓದಿ ಪಾಸ್‌ವರ್ಡು ಬದಲಿಸಿಕೊಂಡಿದ್ದರು, ಮತ್ತು ಯಾರಿಗೂ ಹೇಳಿರಲಿಲ್ಲ.

ಬೇರೆ ಯಾವ ದಿನವಾಗಿದ್ದರೂ ನಾನು ಇಡೀ ವಿಭಾಗಕ್ಕೆ ಮಿರ್ಚಿ ಬಜ್ಜಿ ತರಿಸುತ್ತಿದ್ದೆ. ಅವತ್ತು ಮಾತ್ರ ಗಡಿಯಾರ ನೋಡಿದೆ. ನಾನು ಕಟ್ಟಿದ್ದು ನಿಜವಾಗಿಯೂ ಗಟ್ಟಿ ಇತ್ತು. ಒಂದೂ ಸಂದು ಇರಲಿಲ್ಲ. ಅದರ ಹೊರಗೆ ಈ ಹುಡುಗಿ ನಿಂತಿದ್ದಳು.

"ನಿಮ್ಮ ಹಟಕ್ಕೆ ಪಾಪ, ಆ ಹುಡುಗಿಯ ವರ್ಷ ಹೋಗುತ್ತೆ ನೋಡಿ" ಎಂದು ತೆಲುಗಿನಲ್ಲಿ ಗದರಿ ಡೈರೆಕ್ಟರು ತಮ್ಮ ಕೋಣೆಗೆ ಹೋದರು. ನಾನು ಕನ್ನಡದಲ್ಲಿ ಏನೋ ಅಂದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಹುಡುಗಿಯನ್ನು ನನ್ನ ಮೇಜಿನ ಎದುರಿಗೆ ಕೂಡಿಸಿದೆ. ನನ್ನ ಡಬ್ಬಿಯಲ್ಲಿ ಉಳಿದಿದ್ದ ರೊಟ್ಟಿ, ಶೇಂಗಾ ಪುಡಿ ಮುಂದಿಟ್ಟೆ. ತಿನ್ನಲಿಲ್ಲ.

"ಅಪ್ಪ ಬರ್ತೀನಿ ಅಂದ್ರ ಬರ್ತಾನ್ರಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದನ್ನೇ ಹೇಳಿದಳು. ಮೂರನೆಯ ಸಲ ಹೇಳುವಾಗ ಕಿಟಕಿಯ ಕಡೆ ನೋಡಿದಳು.

ನಾನು ಬೇರೆ ಕೆಲಸ ಮಾಡುವವಳ ಹಾಗೆ ಪರದೆ ನೋಡುತ್ತ ಕೂತೆ. ಕಣ್ಣೆಲ್ಲ ಕಿಟಕಿಯಲ್ಲಿ. ಗೇಟಿನ ಹತ್ತಿರ ಆಟೋ ಬಂದು ನಿಂತಾಗಲೆಲ್ಲ ಇಬ್ಬರೂ ಎದ್ದು ನಿಲ್ಲುವುದು, ಬೇರೆ ಯಾರೋ ಇಳಿಯುವುದು, ನಾವು ಕೂಡುವುದು. ನಾಲ್ಕು ಹೊಡೆದು ಬಹಳ ಹೊತ್ತಾಯಿತು. ಬಿಸಿಲು ಇಳಿಯತೊಡಗಿತು. ಈ ವ್ಯವಸ್ಥೆ ಯಾರನ್ನು ಕಾಯಲೆಂದು ಮಾಡಿದೆನೋ ಅವಳನ್ನೇ ಹೊರಗೆ ನಿಲ್ಲಿಸಿತಲ್ಲ ಎಂದು ನನಗೆ ನನ್ನ ಮೇಲೇ ಕೋಪ ಬಂತು. ನಾಳೆ ಪರೀಕ್ಷಾ ವಿಭಾಗದವರ ಕಾಲು ಹಿಡಿದರೂ ಸರಿ ಎಂದುಕೊಂಡೆ, ಅವರು ಬಗ್ಗುವವರಲ್ಲ ಎಂದೂ ಗೊತ್ತಿತ್ತು.

ಆಟೋದಲ್ಲಿ ಬರಲಿಲ್ಲ ಅವರು. ಯಾರದೋ ಮೋಟಾರ್ ಬೈಕಿನ ಹಿಂದೆ ಕೂತು ಬಂದರು. ಗೇಟಿನಲ್ಲಿ ಇಳಿದು, ಧೋತರ ಎತ್ತಿ ಕಟ್ಟಿ, ನಮ್ಮ ಕಟ್ಟಡದ ಕಡೆಗೆ ದಾಪುಗಾಲು ಹಾಕುತ್ತ ಬರುವುದು ಕಂಡಿತು. ಹೆಗಲಿನ ಮೇಲೆ ಕಂಬಳಿ, ತಲೆಗೆ ಸುತ್ತಿದ ಬಿಳಿ ಬಟ್ಟೆ. ಹುಡುಗಿ ಬಾಗಿಲಿನಿಂದ ಓಡಿದಳು.

ಒಳಗೆ ಬಂದವರು ಕೂಡಲಿಲ್ಲ. ಮೊದಲು ಮಗಳನ್ನು ಮೇಲಿನಿಂದ ಕೆಳಗೆ ನೋಡಿದರು. ಹಣೆಯ ಮೇಲಿನ ಹಳೆಯ ಗಾಯದ ಗುರುತಿಗೆ ಬೆರಳು ಮುಟ್ಟಿಸಿದರು. "ನೀನಾ ಹೌದು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಸಿಟ್ಟಾಗಬ್ಯಾಡ್ರಿ, ತಾಯೀ. ನೀವು ಹೇಳಿದ್ದನ್ನಾ ಮಾಡೀನಿ" ಎಂದರು.

"ಫೋನ್ ಯಾಕ ಆಫ್ ಮಾಡಿದ್ರಿ? ನಮ್ಮ ಜೀವಾ ಹೋಗಿತ್ತು!" ಎಂದೆ ನಾನು.

"ಚಾರ್ಜು ಕಡಿಮಿ ಇತ್ರಿ. ಬಂದು ಮುಟ್ಟಿದ ಮ್ಯಾಲೆ ಅದು ಸತ್ತಿದ್ರ, ನಾನು ಬಂದೇನು ಉಪಯೋಗ?"

ಸೊಂಟದ ಸಂಚಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಬಟನ್ ಫೋನ್ ತೆಗೆದು ಚಾಲೂ ಮಾಡಿದರು. ಅದು ಚಾಲೂ ಆಗಲು ತೆಗೆದುಕೊಂಡ ಹೊತ್ತು ನನ್ನ ಇಡೀ ನೌಕರಿಯಲ್ಲಿ ಅತಿ ಉದ್ದದ್ದು. ಹುಡುಗಿ ನನ್ನ ಕಂಪ್ಯೂಟರಿನಲ್ಲಿ ಲಾಗಿನ್ ಒತ್ತಿದಳು. ಫೋನು ಟಿಂಗ್ ಎಂದಿತು. ಗದ್ದಲ ಕೇಳಿ ಡೈರೆಕ್ಟರೂ ಬಂದಿದ್ದರು, ಕುತೂಹಲಕ್ಕೆ ಸ್ವಲ್ಪ ಬಗ್ಗಿದರು.

"ಸಾರ್, ನೀವು ಸ್ವಲ್ಪ ಆಕಡಿ ನೋಡ್ರಿ" ಎಂದರು ಅಪ್ಪ, ಬಹಳ ಮರ್ಯಾದೆಯಿಂದ.

ಡೈರೆಕ್ಟರು ತಟ್ಟನೆ ಗೋಡೆಯ ಕಡೆ ತಿರುಗಿದರು; ಅವರಿಗೆ ಕನ್ನಡ ತಿಳಿಯುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ನಾನೂ ತಿರುಗುವಷ್ಟರಲ್ಲಿ ಅಪ್ಪ ಕಂಬಳಿಯ ಅಂಚನ್ನು ಅಡ್ಡ ಹಿಡಿದು, ಮಗಳೊಬ್ಬಳಿಗೇ ಕಾಣುವ ಹಾಗೆ ಫೋನ್ ತೋರಿಸಿದರು. ಕೀಬೋರ್ಡಿನ ಸದ್ದು ಕೇಳಿಸಿತು. ಆಮೇಲೆ, "ಆತ್ರಿ ಮೇಡಂ" ಎಂದಳು ಹುಡುಗಿ. ತಿರುಗಿ ನೋಡಿದರೆ ನೋಂದಣಿಯ ಪುಟ ತೆರೆದಿತ್ತು. ಒಂದೊಂದು ವಿಷಯವಾಗಿ ಆರಿಸುತ್ತ ಹೋದಳು. ಒಂದನ್ನೂ ತಪ್ಪಿಸಲಿಲ್ಲ. ಹಸಿರು ಅಕ್ಷರಗಳಲ್ಲಿ ನೋಂದಣಿ ಪೂರ್ಣವಾಯಿತೆಂದು ಬಂದಾಗ ಐದಕ್ಕೆ ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು. ಡೈರೆಕ್ಟರು ಜೋರಾಗಿ ಚಪ್ಪಾಳೆ ತಟ್ಟಿದರು, ಎಲ್ಲ ತಾವೇ ಮಾಡಿದವರ ಹಾಗೆ. ತಟ್ಟಲಿ ಬಿಡಿ ಎನ್ನಿಸಿತು. ನನ್ನ ಕಣ್ಣೂ ತುಂಬಿತ್ತು.

"ಇನ್ನ ಮ್ಯಾಲೆ ಈ ತಾಪತ್ರಯ ಬ್ಯಾಡ" ಎಂದೆ. "ಯಣ್ಣಾ, ಫೋನಿನಾಗ ಚಾರ್ಜು ಇರೂದ್ರಾಗ ನಂಬರು ಬದಲು ಮಾಡಿಬಿಡೂನು. ಮಗಳ ಖಾತೆಗೆ ಮಗಳ ನಂಬರು ಇರಲಿ."

ಹೆಣ್ಣುಮಗಳ ನಂಬರು ಹೊರಗೆ ಕೊಡುವುದು ಹೇಗೆ ಅನ್ನುತ್ತಾರೇನೋ ಎಂದು ವಾದಕ್ಕೆ ಸಿದ್ಧಳಾಗಿದ್ದೆ. ಅವರು ಹಾಗೇನೂ ಅನ್ನಲಿಲ್ಲ. ಮತ್ತೊಂದು ಓಟಿಪಿ ಬಂತು. ಈ ಸಲ ಫೋನನ್ನೇ ಮಗಳ ಕೈಗೆ ಕೊಟ್ಟರು. ಹಳೆಯ ನಂಬರು ಹೋಗಿ ಹೊಸದು ಬಂದಿತು. ನಾನು ದಿನಾ ನೋಡುತ್ತಿದ್ದ ಆ ಒಂದು ಸಾಲು ನನ್ನ ಪರದೆಯ ಮೇಲೆ ಮೂಡಿತು.

ಅವರು ಫೋನನ್ನು ಕವರಿನಲ್ಲಿ ಸುತ್ತುತ್ತ ನಿಂತೇ ಇದ್ದರು. ಹೋಗಲು ಹೊರಟವರಲ್ಲ.

"ಹಂಗಾದ್ರ ಇನ್ನ ಮ್ಯಾಲೆ ಮುಂಜಾನಿ ಮೆಸೇಜು ಬರಂಗಿಲ್ಲೇನ್ರಿ?"

"ಯಾವ ಮೆಸೇಜು, ಯಣ್ಣಾ?"

"ಅದಾ ರೀ, ದಿನಾ ಬರ್ತೈತಲ್ಲ. ಮಗಳು ಕ್ಲಾಸಿಗೆ ಬಂದಾಳ ಅಂತ."

ಹಾಜರಿಯ ಸಂದೇಶ. ಮೊದಲ ತರಗತಿಯಲ್ಲಿ ಹಾಜರಿ ಹಾಕಿದ ಕೂಡಲೇ ಖಾತೆಯ ನಂಬರಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ತಾನಾಗಿ ಹೋಗುತ್ತದೆ. ಯಾರೂ ಓದುವುದಿಲ್ಲ, ಮುಂದಿನ ಬದಲಾವಣೆಯಲ್ಲಿ ಅದನ್ನು ನಿಲ್ಲಿಸಿಬಿಡೋಣ ಎಂದು ನಾವು ಮಾತಾಡಿಕೊಂಡಿದ್ದೆವು.

"ಓದ್ತೀರೇನು ಅದನ್ನ?" ಎಂದು ಕೇಳಿದೆ.

"ಅಂಕಿ ಬಿಟ್ರ ಓದಾಕ ಬರಂಗಿಲ್ರಿ. ಮೊದಲನೇ ಸಲ ಬಂದಾಗ ಯಾರಾ ಓದಿ ಹೇಳಿದ್ರು. ಆಮ್ಯಾಲೆ ಓದೂದು ಯಾಕ ಬೇಕ್ರಿ? ಕುರಿ ನೀರಿಗೆ ಬಿಡೋ ಹೊತ್ತಿಗೆ ಬರ್ತೈತಿ. ಟಿಂಗ್ ಅಂತು ಅಂದ್ರ ನನ್ನ ಮಗಳು ಹೋಗಿ ಕುಂತಾಳ ಅಂತ. ಹೊಲದವರಿಗೆ ಹೇಳ್ತೀನಿ, ನೋಡ್ರಪಾ, ನನ್ನ ಮಗಳು ಈಗ ದೊಡ್ಡ ಸಾಲಿಯಾಗ ಕುಂತಾಳ." ಇಷ್ಟು ಹೇಳಿ ನಾಚಿಕೊಂಡರು. "ಇರಲಿ ಬಿಡ್ರಿ. ಆಕಿ ನಂಬರು ಆಕಿಗೆ. ಅದಾ ಸರಿ."

ಹುಡುಗಿ ಅಪ್ಪನನ್ನೇ ನೋಡುತ್ತಿದ್ದಳು. ಈ ಮಾತು ಅವಳಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಪೋಷಕರ ನಂಬರು ಎಂದು ಬೇರೆ ಒಂದು ಕಡೆ ಇದೆ, ಅಲ್ಲಿ ಹಾಕಿದರೆ ಲಾಗಿನ್ನಿನ ಕೋಡು ಬರುವುದಿಲ್ಲ, ಹಾಜರಿಯ ಸಂದೇಶ ಮಾತ್ರ ಬರುತ್ತದೆ ಎಂದೆ. ಅವರ ಮುಖ ಅರಳಿತು. "ಆದ್ರ ಅದನ್ನ ನಾವು ಹಾಕಂಗಿಲ್ಲ, ಯಣ್ಣಾ. ಹೊಸ ರೂಲು. ಮಗಳಿಗೆ ಹದಿನೆಂಟು ದಾಟೈತಿ. ಆಕಿ ಒಪ್ಪಿ, ಆಕಿನಾ ಹಾಕಬೇಕು" ಎಂದೆ.

ಆ ರೂಲನ್ನು ಬರೆದವಳೂ ನಾನೇ. ಬರೆಯುವಾಗ ಒಂದು ಪುಟದ ಕೆಳಗಿನ ಸಣ್ಣ ಸಾಲು ಅದು. ಒಬ್ಬ ತಂದೆ ಅದನ್ನು ಹೇಗೆ ಕೇಳಿಸಿಕೊಳ್ಳಬಹುದು ಎಂದು ಯೋಚಿಸಿರಲಿಲ್ಲ.

ಅವರು ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಮಗಳ ಕಡೆ ತಿರುಗಿದರು. ದನಿ ಮೆತ್ತಗಾಗಿತ್ತು.

"ಏನವ್ವಾ, ನನ್ನ ನಂಬರು ಹಾಕ್ತೀಯೇನು?"

ಹುಡುಗಿ ಕುರ್ಚಿ ಎಳೆದುಕೊಂಡು ಕೂತು, ಆ ಪುಟ ತೆರೆದು, ಅಪ್ಪನ ನಂಬರನ್ನು ಬಾಯಿಪಾಠದಿಂದ ಹೊಡೆದಳು. ಸಂಬಂಧ ಎಂದಿದ್ದ ಕಡೆ ತಂದೆ ಎಂದು ಹಾಕಿದಳು. ಒಪ್ಪಿಗೆ ಎಂದಿದ್ದ ಚೌಕದಲ್ಲಿ ಗುರುತು ಮಾಡಿ, ಒತ್ತುವ ಮೊದಲು ತಿರುಗಿ ಅವರ ಮುಖ ನೋಡಿ ನಕ್ಕಳು. ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ಬಂತು ಅವಳಿಗೆ.